ಮೂರ್ಮೂಲೆ ಮೇಡಂ ಮಣಿಯಲಿಲ್ಲ

ವಿದ್ಯಾರ್ಥಿಗಳು ಆಕೆಗೆ ಇಟ್ಟಿದ್ದ ಹೆಸರು ಮೂರ್ಮೂಲೆ ಮೇಡಂ. ಭೌತಶಾಸ್ತ್ರದ ಯಾವ ಪಾಠ ಶುರುಮಾಡಿದರೂ ಬೋರ್ಡಿನ ಮೇಲೊಂದು ಸಮಬಾಹು ತ್ರಿಕೋನ ಬಂದೇ ಬರುತ್ತಿತ್ತು. ಅದನ್ನು ಒಂದು ಸುತ್ತಿನ ಮೂರನೇ ಒಂದು ಭಾಗ ತಿರುಗಿಸಿದರೆ, ತಿರುಗಿಸಿದ್ದೇ ಗೊತ್ತಾಗುವುದಿಲ್ಲ. ಚೂರು ಹೆಚ್ಚುಕಮ್ಮಿಯಾದರೂ ಗುಟ್ಟು ರಟ್ಟು. ಇಂಥ, ಗೊತ್ತಾದ ತಿರುವಿಗಷ್ಟೇ ಒಗ್ಗುವ ಸಮ್ಮಿತಿಯೇ ಕ್ವಾರ್ಕುಗಳೆಂಬ ಮೂಲಕಣಗಳ ಹಿಂದೆಯೂ ಇದೆ ಎಂಬುದು ಆಕೆಯ ಹಟ.

ಆರು ಬಗೆಯ ಕ್ವಾರ್ಕುಗಳಲ್ಲಿ ಒಂದು ತೀರಾ ಹಗುರ, ಇನ್ನೊಂದು, ಟಾಪ್ ಎಂಬುದು, ಹೆಚ್ಚುಕಡಿಮೆ ಇಡೀ ಚಿನ್ನದ ಪರಮಾಣುವಿನಷ್ಟು ಭಾರ. ಸಾಲದ್ದಕ್ಕೆ ಒಂದರೊಳಗೊಂದು ಬೆರೆಯುತ್ತವೆ, ಅದೂ ಗೊತ್ತಾದ ಪ್ರಮಾಣದಲ್ಲೇ. ಏಕೆಂದು ಯಾರಿಗೂ ತಿಳಿಯದು. ತ್ರಿಕೋನದ ಸಮ್ಮಿತಿಯಿಂದ ಆ ಬೆರಕೆಯ ಪ್ರಮಾಣ ತೋರಿಸುವ ಒಂದು ಕೋನವನ್ನು ಲೆಕ್ಕಹಾಕಿ ಆಕೆ ಧೈರ್ಯವಾಗಿ ಪ್ರಕಟಿಸಿದ್ದರು. ಆಮೇಲೆ ಪ್ರಯೋಗದವರ ಹೊಸ ಅಳತೆ ಬಂತು. ಆಕೆಯ ಕೋನ ತಾಳೆಯಾಗಲಿಲ್ಲ.

ವಿಭಾಗದ ಮುಖ್ಯಸ್ಥರು ಒಳಗೆ ಕರೆದರು. "ನಿಮ್ಮ ಮಾದರಿಗೆ ಇನ್ನೊಂದು ಕಣ ಸೇರಿಸಿಬಿಡಿ ಮೇಡಂ. ಕೋನ ತಾನಾಗೇ ಸರಿಹೋಗುತ್ತೆ. ಎಲ್ರೂ ಮಾಡೋದು ಅದನ್ನೇ."

"ತೇಪೆ ಹಾಕ್ತಾ ಹೋದ್ರೆ ಯಾವ ಅಳತೆಗಾದ್ರೂ ಹೊಂದುತ್ತೆ ಸರ್. ಆಮೇಲೆ ನಾನು ವಿವರಿಸಿದ್ದೇನು, ಮಣ್ಣು?"

"ಹಾಗಾದ್ರೆ ಈ ವಿಷಯಾನೇ ಬಿಡಿ. ಸೋಲಾರ್ ಯೋಜನೆಗೆ ಬನ್ನಿ. ಇಲ್ಲಾಂದ್ರೆ ನಿಮ್ಮ ಕೋಣೆ ಬೇರೆಯವರಿಗೆ ಕೊಡ್ಬೇಕಾಗುತ್ತೆ."

"ಕೊಡಿ."

ಮರುವಾರದ ವಿಚಾರಗೋಷ್ಠಿಯಲ್ಲಿ ಆಕೆಯೇ ಎದ್ದುನಿಂತು, "ನನ್ನ ಮಾದರಿ ಸತ್ತಿದೆ. ಪ್ರಶ್ನೆ ಸತ್ತಿಲ್ಲ" ಎಂದರು. ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. "ನಗೋರು ಮುಂದೆ ಬನ್ನಿ. ಟಾಪ್ ಕ್ವಾರ್ಕ್ ಇಷ್ಟು ಭಾರ ಯಾಕೆ ಅಂತ ಹೇಳಿ, ಆಮೇಲೆ ನಗಿ." ಬೋರ್ಡಿನ ಮೇಲಿದ್ದ ತ್ರಿಕೋನವನ್ನು ತಾವೇ ಒರೆಸಿ ಆಕೆ ಕೂತರು.

ಪಾಠದ ಕೆಲಸ ಉಳಿಯಿತು, ಕೋಣೆ ಹೋಯಿತು. ಪುಸ್ತಕಗಳನ್ನೆಲ್ಲ ಅಕ್ಕನ ಹೊಲಿಗೆ ಅಂಗಡಿಗೆ ಸಾಗಿಸಿದರು.

"ಅಲ್ವೇ, ಕಣ್ಣಿಗೆ ಕಾಣದ ಕಣಕ್ಕೋಸ್ಕರ ಕಾಣೋ ಕೋಣೇನ ಕಳ್ಕೊಂಡ್ಯಲ್ಲೇ!" ಎಂದರು ಅಕ್ಕ.

"ಅದರ ಫ್ಯಾನೂ ತಿರುಗ್ತಿರ್ಲಿಲ್ಲ ಬಿಡಕ್ಕ."

ಅಕ್ಕ ನಗುತ್ತಲೇ ಬಟ್ಟೆ ಕತ್ತರಿಸುವ ಮೇಜಿನ ಅರ್ಧವನ್ನು ತೆರವುಮಾಡಿದರು. ಮಷೀನುಗಳ ಗಡಗಡ ಸದ್ದಿನ ನಡುವೆ ಆಕೆ ಮತ್ತೆ ಮೊದಲಿನಿಂದ ಶುರುಮಾಡಿದರು. ಈ ಸಲ ತ್ರಿಕೋನವಲ್ಲ, ನಾಲ್ಕೂ ಮುಖ ತ್ರಿಕೋನವಾಗಿರುವ ಗೋಪುರದ ಸಮ್ಮಿತಿ. ವರ್ಷಗಳು ಹಿಡಿದವು. ಹಳೇ ಫ್ಯಾಷನ್ ಎಂದು ಸಂಶೋಧನಾ ಪತ್ರಿಕೆಗಳು ಲೇಖನವನ್ನು ತಿರುಗಿ ಕಳಿಸಿದವು. ಆಕೆ ಮತ್ತೆ ಕಳಿಸಿದರು. ಕೊನೆಗೊಮ್ಮೆ ಅಚ್ಚಾಯಿತು. ಆ ಲೇಖನದಲ್ಲೂ ಹೊಸದೊಂದು ಕೋನ, ಹಿಂದೆ ಸರಿಯಲು ಜಾಗವೇ ಇಲ್ಲದಷ್ಟು ಖಚಿತವಾಗಿ.

ಮುಖ್ಯಸ್ಥರು ಕಾರಿಡಾರಿನಲ್ಲಿ ತಡೆದರು. "ಇದೂ ತಪ್ಪಾದ್ರೆ?"

"ನಾನೇ ಮೊದಲು ಹೇಳ್ತೀನಿ ಸರ್. ಆದ್ರೆ ಪ್ರಯೋಗದವರು ಅಳೆಯೋ ತನಕ ನೀವು ತಪ್ಪು ಅನ್ನೋ ಹಾಗಿಲ್ಲ."

ಅಳತೆ ಇನ್ನೂ ನಡೆಯುತ್ತಿದೆ. ಆಕೆ ತರಗತಿಗೆ ಹೊರಟರು.