ಪೋಷಕರ ಸಭೆಗೆ ಬಂದ ಅಪ್ಪ

ಇವತ್ತು ಹೂಡಿಯ ಬಸ್ ಸ್ಟಾಪಿನಲ್ಲಿ ಒಬ್ಬ ತಂದೆ ಮಗಳಿಗೆ ಜಡೆ ಹಾಕುತ್ತಿದ್ದ. ಪೀಣ್ಯದ ನಮ್ಮ ಒಂದೇ ಕೋಣೆಯ ಮನೆ ನೆನಪಾಯಿತು.

ಅಪ್ಪನ ಫ್ಯಾಕ್ಟರಿ ಮುಚ್ಚಿದ ಮೇಲೆ ಅಮ್ಮ ಗಾರ್ಮೆಂಟ್ಸ್ ಕೆಲಸಕ್ಕೆ ಸೇರಿದಳು. ಅಡುಗೆ, ಬಟ್ಟೆ, ನನ್ನ ಜಡೆ ಎಲ್ಲವೂ ಅಪ್ಪನ ಪಾಲಿಗೆ ಬಂತು. ಲೇತ್ ಮೆಷಿನ್ನಿನಲ್ಲಿ ದುಡಿದು ಒರಟಾದ ಬೆರಳುಗಳಿಂದ ಅವನು ಸಿಕ್ಕುಗಳನ್ನು ನೋಯದಂತೆ ಬಿಡಿಸುತ್ತಿದ್ದ. ಶಾಲೆಯಲ್ಲಿ ಮಾತ್ರ ಗೆಳತಿಯರು, "ನಿಮ್ಮಪ್ಪ ಏನು ಹೆಂಗಸಾ?" ಎಂದು ನಗುತ್ತಿದ್ದರು.

ಪೋಷಕರ ಸಭೆಗೆ ಅಪ್ಪ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ಹೊಸ ಟೀಚರ್, "ಇವ್ರು ಯಾರಮ್ಮ?" ಎಂದರು.

"ಪಕ್ಕದ್ಮನೆ ಅಂಕಲ್, ಮೇಡಂ" ಎಂದುಬಿಟ್ಟೆ.

ಅಪ್ಪ ಒಮ್ಮೆ ನನ್ನ ಮುಖ ನೋಡಿದ. "ಹೌದು ಮೇಡಂ, ಅವ್ರಮ್ಮಂಗೆ ರಜ ಸಿಗ್ಲಿಲ್ಲ" ಎಂದ.

ಸಂಜೆ ಅಮ್ಮ ವಿಚಾರಿಸಿದಾಗ, "ಚೆನ್ನಾಗಿ ಓದ್ತಾಳಂತೆ ಕಣೇ" ಎಂದಷ್ಟೇ ಹೇಳಿದ.

ಅಪ್ಪ ತೀರಿಕೊಂಡು ಮೂರು ವರ್ಷವಾಯಿತು. ಕ್ಷಮೆ ಕೇಳಲು ಬೇಕಾದಷ್ಟು ಕಾಲವಿದ್ದರೂ ನಾನು ಒಮ್ಮೆಯೂ ಕೇಳಲಿಲ್ಲ.