ಒತ್ತಿಲ್ಲದ ಅಪ್ಪ

ನಮ್ಮ ಕೋಟೆಯ ಕಾವಲುಗಾರರಿಗೆ ಹೆತ್ತವರು ಇಟ್ಟ ಹೆಸರೊಂದಿದೆ. ಸಂಬಳದ ದಿನ ಬಿಟ್ಟರೆ ಅದನ್ನು ಯಾರೂ ಬಳಸುವುದಿಲ್ಲ. ಎಲ್ಲರ ಬಾಯಲ್ಲೂ ಅವರು ಕೈತೆಗಿ ಅಣ್ಣ. ಗೋಡೆಯ ಕಡೆ ಯಾರ ಕೈ ಚಾಚಿದರೂ, ಅದು ಮಗುವಿನದಿರಲಿ ಮಂತ್ರಿಯದಿರಲಿ, ಎಲ್ಲಿದ್ದರೂ ಅಲ್ಲಿಂದಲೇ "ಕೈ ತೆಗಿ!" ಎಂದು ಕೂಗುತ್ತಾರೆ. ಒಮ್ಮೆ ನಮ್ಮ ಮೇಲಧಿಕಾರಿ ಮೆಟ್ಟಿಲು ಹತ್ತಿ ಸುಸ್ತಾಗಿ ಗೋಡೆಗೆ ಒರಗಿದ್ದರು. ಅವರಿಗೂ ಅದೇ ಕೂಗು ಬಿತ್ತು. ಯಾರೆಂದು ಗುರುತು ಸಿಕ್ಕಿದ ಮೇಲೆ ಅಣ್ಣ ತಿದ್ದಿಕೊಂಡು, "ಕೈ ತೆಗೀರಿ ಸಾರ್" ಎಂದರು.

ನಾನು ಟಿಕೆಟ್ ಕಿಟಕಿಯವಳು. ನನ್ನದು ಕೂತು ಮಾಡುವ ಕೆಲಸ, ಅವರದು ಸುತ್ತಿ ಮಾಡುವ ಕೆಲಸ. ನೌಕರರ ಸಾಲುಮನೆಯಲ್ಲಿ ನಮ್ಮೆರಡು ಮನೆಗಳ ನಡುವೆ ಇರುವುದು ಒಂದೇ ಗೋಡೆ. ಅವರು ಕೆಮ್ಮಿದರೆ ನಮಗೆ ಎಚ್ಚರವಾಗುತ್ತದೆ. ಹಾಗಾಗಿ ಇಲ್ಲಿ ಹೇಳುವುದರಲ್ಲಿ ಅರ್ಧ ಕಣ್ಣಾರೆ ಕಂಡದ್ದು, ಅರ್ಧ ಗೋಡೆಯಾಚೆಯಿಂದ ಬಂದದ್ದು.

ಅವರು ದೊಡ್ಡ ಮನುಷ್ಯರೇನಲ್ಲ. ಕೆಟ್ಟವರಂತೂ ಅಲ್ಲವೇ ಅಲ್ಲ. ಕೆಲಸವನ್ನು ಮನೆಗೂ ಹೊತ್ತು ತರುತ್ತಿದ್ದರು ಅಷ್ಟೆ. ಹೊಸ ಪರದೆ ಹಾಕಿದರೆ ಅದಕ್ಕೊಂದು ಕೈ ತೆಗಿ, ಸುಣ್ಣ ಬಳಿಸಿದರೆ ಅದಕ್ಕೊಂದು ಕೈ ತೆಗಿ. "ಮದುವೆ ಫೋಟೋ ನೋಡು, ನನ್ನ ಪಕ್ಕದಲ್ಲೂ ಕೈ ಕಟ್ಕೊಂಡೇ ನಿಂತಿದ್ದಾರೆ" ಎಂದು ಅವರ ಹೆಂಡತಿ, ನನ್ನ ಪಾಲಿಗೆ ಅತ್ತಿಗೆ, ನಗುತ್ತಾ ಹೇಳುತ್ತಿದ್ದರು. ಮಗಳೊಬ್ಬಳೇ. ಈಗ ಪೇಟೆಯಲ್ಲಿ ಕನ್ನಡಕದ ಅಂಗಡಿ ಇಟ್ಟಿದ್ದಾಳೆ. ಅಪ್ಪನಿಗೆ ಊಟದ ಡಬ್ಬಿ ತರುವುದಿದ್ದರೆ ನನ್ನ ಕಿಟಕಿಯವರೆಗೆ ಬರುತ್ತಾಳೆ, ಕೊಟ್ಟು ಹೋಗುತ್ತಾಳೆ. ಬಾಗಿಲು ದಾಟಿ ಕೋಟೆಯೊಳಗೆ ಕಾಲಿಡುವುದಿಲ್ಲ. ಚಿಕ್ಕವಳಿದ್ದಾಗಿನಿಂದಲೂ ಹಾಗೆಯೇ.

ಕಳೆದ ವರ್ಷ ಕೋಟೆಯ ಕಚೇರಿಯೂ ಒಂದು ಕಲಾವಿದರ ತಂಡವೂ ಕೂಡಿ ಬಯಲಲ್ಲಿ ಏನೋ ಮಾಡುವುದೆಂದು ಒಪ್ಪಂದವಾಯಿತು. ಮೇಲಧಿಕಾರಿ ನಮ್ಮನ್ನೆಲ್ಲ ಅಂಗಳದಲ್ಲಿ ನಿಲ್ಲಿಸಿ ಪರಂಪರೆ, ಸಹಭಾಗಿತ್ವ, ಸಮಕಾಲೀನ ಕಲೆ ಎಂದು ಭಾಷಣ ಬಿಗಿದರು. ಇಂಥ ಮಾತುಗಳ ನಡುವೆ ಚಪ್ಪಾಳೆ ಎಲ್ಲಿ ತಟ್ಟಬೇಕೆಂದು ನಾವು ಕೆಳಗಿನವರು ಒಬ್ಬರ ಮುಖ ಒಬ್ಬರು ನೋಡುತ್ತೇವೆ. ಕೈತೆಗಿ ಅಣ್ಣ ನನ್ನ ಕಿವಿಯಲ್ಲಿ, "ಇಷ್ಟು ವರ್ಷ ಗೋಡೆ ಮೇಲಿನ ಕಲೆ ತೆಗೆಸೋಕೆ ಒದ್ದಾಡಿದ್ವಿ. ಈಗ ಕಲೆ ಮಾಡೋರ್ನೇ ಕರೆಸಿದ್ದಾರೆ" ಎಂದರು. ನನಗೆ ನಗು ತಡೆಯಲಾಗಲಿಲ್ಲ. ಅದನ್ನೇ ಚಪ್ಪಾಳೆಯ ಜಾಗವೆಂದು ತಿಳಿದು ಉಳಿದವರು ತಟ್ಟಿದರು.

ತಂಡದ ಮುಖ್ಯಸ್ಥೆ ದೀಪಗಳಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಧೂಳು ಮೆತ್ತಿದ ಬೂಟು, ಕುತ್ತಿಗೆಗೆ ಸುತ್ತಿದ ವೈರು. ಮೊದಲ ದಿನವೇ ಅಣ್ಣನ ಹತ್ತಿರ ಬಂದು, "ಗೋಡೆ ಮೇಲೆ ನಾವು ಏನೂ ಮಾಡಲ್ಲ. ಅಲ್ಲಿ ಈಗಾಗ್ಲೇ ಏನಿದೆಯೋ ಅದನ್ನ ತೋರಿಸ್ತೀವಿ. ಜನರ ಮನಸ್ಸು ಮುಟ್ಟಬೇಕು, ಅಷ್ಟೇ" ಎಂದಳು.

"ಮನಸ್ಸು ಎಷ್ಟಾದ್ರೂ ಮುಟ್ಟಿಕೊಳ್ಳಿ. ಗೋಡೆ ಮುಟ್ಟಬೇಡಿ" ಎಂದರು ಅಣ್ಣ.

ಅವಳು ನಕ್ಕಳು. ಇವರು ನಗಲಿಲ್ಲ. ದೀಪದ ಕಂಬಗಳನ್ನು ನೆಲಕ್ಕೆ ಹುಗಿಯಲು ಬಿಡದೆ ಮರಳಿನ ಚೀಲ ಹೇರಿಸಿ ನಿಲ್ಲಿಸಿದರು. ಕಂಬಕ್ಕೂ ಗೋಡೆಗೂ ನಡುವೆ ತಮ್ಮ ಲಾಠಿ ಅಡ್ಡ ಹಿಡಿದು, ಅದು ಸರಾಗವಾಗಿ ಹಾದರೆ ಮಾತ್ರ ತಲೆಯಾಡಿಸಿದರು.

ಒಂದು ಸಂಜೆ ಮೊದಲ ಪರೀಕ್ಷೆ. ಹೊರಗೋಡೆಯ ಒಳಬದಿಯ ಬುಡದಲ್ಲಿ ದೀಪವಿಟ್ಟು ಬೆಳಕನ್ನು ಗೋಡೆಯ ಉದ್ದಕ್ಕೂ ಓರೆಯಾಗಿ ಹಾಯಿಸಿದರು. ಹಗಲಲ್ಲಿ ಬೋಳಾಗಿ ಕಾಣುತ್ತಿದ್ದ ಗೋಡೆಯ ತುಂಬ ಬರಹ ಎದ್ದು ನಿಂತಿತು. ಹೆಸರುಗಳು, ಬಾಣ ಚುಚ್ಚಿದ ಹೃದಯಗಳು, ಪರೀಕ್ಷೆಯ ನಂಬರುಗಳು, ಯಾರನ್ನೋ ಬೈದ ಬೈಗುಳಗಳು. ಒಂದರ ಮೇಲೊಂದು, ಕೈಯೆಟುಕುವಷ್ಟೂ ಎತ್ತರಕ್ಕೆ. ನನಗೆ ಮೈ ಜುಂ ಎಂದಿತು, ಸುಳ್ಳು ಯಾಕೆ ಹೇಳಲಿ. ಅಣ್ಣ ಮಾತ್ರ ಕೆನ್ನೆಗೆ ಹೊಡೆಸಿಕೊಂಡವರ ಹಾಗೆ ನಿಂತಿದ್ದರು. "ಇಷ್ಟೆಲ್ಲ ನನ್ನ ಕಣ್ಣು ತಪ್ಪಿಸಿ ಬರ್ದಿದ್ದಾರಾ?" ಎಂದರು. ಅವರ ಬಗ್ಗೆ ನನಗೆ ಅಯ್ಯೋ ಅನ್ನಿಸಿತು.

ಅಷ್ಟರಲ್ಲಿ ತಂಡದವರು ಮೊಣಕಾಲೆತ್ತರದ ಒಂದು ಬರಹದ ಸುತ್ತ ಗುಂಪುಗೂಡಿದರು. ದೊಡ್ಡ ದೊಡ್ಡ ಎರಡೇ ಅಕ್ಷರ. ಅಪ. ಏನು ಬರೆಯಲು ಹೊರಟು ನಿಲ್ಲಿಸಿರಬಹುದೆಂದು ಎಲ್ಲರೂ ತಲೆಗೊಂದು ಹೇಳಿದರು. ಅಪರಾಧ ಎಂದ ಒಬ್ಬ. ಅಪಮಾನ ಎಂದ ಇನ್ನೊಬ್ಬ. ದೀಪದವಳು ಅಪರೂಪ ಎಂದಳು. ಕೈತೆಗಿ ಅಣ್ಣನ ಮುಖ ಅರಳಿತು. ಅವರ ಬಳಿ ಕಾಯಂ ತಮಾಷೆಯೊಂದಿದೆ, ಅದಕ್ಕೆ ಜಾಗ ಸಿಕ್ಕಿತ್ತು.

"ಅದು ನನ್ನ ಮಗಳದ್ದು. ಆಗಷ್ಟೇ ಶಾಲೆಗೆ ಸೇರಿದ್ಲು. ಅಪ್ಪ ಅಂತ ಬರೆಯೋಕೆ ಹೋಗಿ ಒತ್ತು ನುಂಗಿಬಿಟ್ಲು! ನಾನೇ ಹಿಡ್ದೆ. ಕಾವಲುಗಾರನ ಮಗಳಾದ್ರೇನು, ದರದರ ಎಳ್ಕೊಂಡು ಹೋಗಿ ಆಫೀಸಲ್ಲಿ ನಿಲ್ಲಿಸ್ದೆ. ಸಾರ್, ಅಪ್ಪ ಅಂತ ಬರೆಯೋಕೂ ಬರಲ್ಲ, ಇವಳಿಗೆ ಕೋಟೆ ಗೋಡೆ ಬೇಕಂತೆ ಅಂದೆ. ಎಲ್ರೂ ಬಿದ್ದೂ ಬಿದ್ದೂ ನಕ್ರು."

ಈ ಕಥೆಯನ್ನು ಕೆಲಸಕ್ಕೆ ಸೇರುವ ಪ್ರತಿಯೊಬ್ಬ ಹೊಸಬನಿಗೂ ಅವರು ಹೇಳುತ್ತಾರೆ. ಹಿಂದಿನ ಮೇಲಧಿಕಾರಿಗಳೂ ಕರ್ತವ್ಯನಿಷ್ಠೆ ಎಂದರೆ ಹೀಗಿರಬೇಕು ಎಂದು ಸಭೆಗಳಲ್ಲಿ ಹೇಳಿ ಅವರನ್ನು ಉಬ್ಬಿಸಿದ್ದರು. ಅವರು ಹೇಳದೆ ಬಿಡುವ ಭಾಗ ನನಗೆ ಗೊತ್ತು. ಆಫೀಸಿನಿಂದ ಹೊರಬಂದ ಹುಡುಗಿ ನನ್ನ ಕಿಟಕಿಯ ಕೆಳಗೆ ಕೂತು ಸಂಜೆಯವರೆಗೆ ಅತ್ತಳು. ನೀರು ಕೊಟ್ಟರೂ ಕುಡಿಯಲಿಲ್ಲ. ಅದಕ್ಕೆ ಮುಂಚೆ ಅಪ್ಪನನ್ನು ನೀನು ಎನ್ನುತ್ತಿದ್ದವಳು ಅಂದಿನಿಂದ ನೀವು ಎನ್ನತೊಡಗಿದಳು. "ನನ್ನ ಮಗಳು ಎಷ್ಟು ಮರ್ಯಾದೆ ಕೊಡ್ತಾಳೆ ನೋಡು" ಎಂದು ಅಣ್ಣ ಹೆಮ್ಮೆ ಪಡುತ್ತಿದ್ದರು. ಅತ್ತಿಗೆ ಎದ್ದು ಒಳಗೆ ಹೋಗುತ್ತಿದ್ದರು.

ಆ ಸಂಜೆ ತಂಡದವರು ಯಾರೂ ನಗಲಿಲ್ಲ. ದೀಪದವಳು, "ಇದನ್ನ ತೋರಿಸ್ಬೇಕಾದ್ರೆ ಬರೆದವರ ಒಪ್ಪಿಗೆ ಬೇಕು. ಅವರನ್ನ ಕಾಣಬಹುದಾ?" ಎಂದು ಕೇಳಿ ಅಂಗಡಿಯ ವಿಳಾಸ ಪಡೆದಳು. ಮರುದಿನ ಹೋಗಿ ಬಂದಳು ಕೂಡ. ಮಗಳು ಹೇಳಿ ಕಳಿಸಿದ್ದು ಇಷ್ಟೇ: ಮೊದಲು ನೋಡ್ತೀನಿ, ಆಮೇಲೆ ಹೇಳ್ತೀನಿ.

ಅಣ್ಣನಿಗೆ ಅಷ್ಟೇ ಸಾಕಾಯಿತು. ಮಗಳು ಬಾಗಿಲು ದಾಟಿ ಒಳಗೆ ಬರುತ್ತಾಳೆ! ಆ ಹುಡುಗಿ ಯಾಕೆ ಬರುವುದಿಲ್ಲವೆಂದು ಅವರು ಯಾವತ್ತೂ ಬಾಯಿಬಿಟ್ಟು ಕೇಳಿದವರಲ್ಲ. ಆದರೆ ಬರುವುದಿಲ್ಲ ಎಂಬ ಕೊರಗು ಒಳಗೊಳಗೇ ಇತ್ತೆಂದು ನನಗೆ ಗೊತ್ತಾದದ್ದು ಈಗಲೇ. ಅಂಗಿಗೆ ಇಸ್ತ್ರಿ ಹಾಕಿಸಿದರು. ಬೆಲ್ಟಿನ ಬಿಲ್ಲೆ ಉಜ್ಜಿದರು. ನನ್ನ ಕಿಟಕಿಗೆ ಬಂದು, "ಅವಳು ಬಂದ್ರೆ ತಕ್ಷಣ ಹೇಳಿಕಳ್ಸಮ್ಮ" ಎಂದು ಹೋದವರು ತಿರುಗಿ ಬಂದು ಅದನ್ನೇ ಹೇಳಿದರು. ದೀಪದವಳ ಹಿಂದೆ ಬಿದ್ದು ಇನ್ನೊಂದು ಏರ್ಪಾಡನ್ನೂ ಮಾಡಿಸಿದರು. ಪ ಅಕ್ಷರದ ಕೆಳಗೆ ಬೆಳಕಿನಿಂದಲೇ ಒಂದು ಒತ್ತು ಮೂಡಿಸುವುದು. ಗೋಡೆಗೂ ತಾಗುವುದಿಲ್ಲ, ತಪ್ಪೂ ಕಾಣುವುದಿಲ್ಲ, ಮಗಳನ್ನು ನೋಡಿ ಊರು ನಗುವುದೂ ಇಲ್ಲ. ಅಷ್ಟು ವರ್ಷ ತಾವೇ ನಗಿಸಿಕೊಂಡು ಬಂದದ್ದು ಅವರ ತಲೆಗೆ ಹೊಳೆದಿರಲಿಲ್ಲ. ನನಗೆ ಒಂದು ಕ್ಷಣ ಸಿಟ್ಟೇ ಬಂತು. ಆದರೆ ಆ ಮುಖದಲ್ಲಿದ್ದ ಆಸೆಯನ್ನು ನೋಡಿ ಸುಮ್ಮನಾದೆ.

ಮಗಳು ಅಂಗಡಿ ಮುಚ್ಚಿ ಕತ್ತಲಾಗುವ ಹೊತ್ತಿಗೆ ಬಂದಳು. "ನಿಂಗೆಂಥ ಟಿಕೆಟ್ಟೇ, ಹೋಗು ಒಳಗೆ" ಎಂದೆ. "ಇರಲಿ ಕೊಡಿ ಅತ್ತೆ" ಎಂದು ಎಲ್ಲರಂತೆ ಟಿಕೆಟ್ ಹರಿಸಿಕೊಂಡೇ ಬಾಗಿಲು ದಾಟಿದಳು. ನಾನು ಕಿಟಕಿ ಎಳೆದುಕೊಂಡು ಅವಳ ಹಿಂದೆ ಹೊರಟೆ. ಹಾಗೆ ಹೋಗುವ ಹಾಗಿಲ್ಲ. ಹೋದೆ.

ಅಣ್ಣ ಗೋಡೆಯ ಹತ್ತಿರ ಸೆಟೆದು ನಿಂತಿದ್ದರು. ದೀಪ ಹೊತ್ತಿತು. ಪ ಅಕ್ಷರದ ಕೆಳಗೆ ಬೆಳಕಿನ ಒತ್ತೊಂದು ಮೂಡಿತು, ಅಚ್ಚು ಹಾಕಿದಷ್ಟು ಚೊಕ್ಕವಾಗಿ.

"ನೋಡಮ್ಮ, ತಪ್ಪು ಸರಿಹೋಯ್ತು" ಎಂದರು.

ಅವಳು ಮೊಣಕಾಲೂರಿ ಕೂತು ಬಹಳ ಹೊತ್ತು ನೋಡಿದಳು. "ಯಾರ ತಪ್ಪು?" ಎಂದು ಕೇಳಿದಳು.

"ಚಿಕ್ಕೋಳು ನೀನು ಆಗ. ಒತ್ತು ಬಿಟ್ಟಿದ್ದೆ. ಮಕ್ಕಳಲ್ವಾ, ಅದರಲ್ಲೇನಿದೆ."

"ಆ ಬೆಳಕಿನ ಒತ್ತು ಒಂದ್ಸಲ ಆರಿಸಿ" ಎಂದು ಅವಳು ದೀಪದವಳಿಗೆ ಹೇಳಿದಳು. ಅದು ಆರಿತು. ಓರೆ ಬೆಳಕು ಮಾತ್ರ ಉಳಿಯಿತು. ಅವಳು ಗೋಡೆಗೆ ತಾಗಿಸದೆ ಬೆರಳು ತೋರಿಸಿದಳು. ಪ ಅಕ್ಷರದ ಕೆಳಗೆ ಒಂದು ಚುಕ್ಕಿ ಇತ್ತು. ಆ ಚುಕ್ಕಿಯಿಂದ ತೆಳ್ಳಗಿನ ಗೆರೆಯೊಂದು ಹೊರಟು, ಬಲಕ್ಕೆ ವಾಲಿ, ದೂರದವರೆಗೆ ಗೀರಿಕೊಂಡು ಹೋಗಿತ್ತು. ನಾವೆಲ್ಲ ಅದನ್ನು ಬಿರುಕು ಎಂದುಕೊಂಡಿದ್ದೆವು.

"ಒತ್ತು ಹಾಕೋಕೆ ಮೊಳೆ ಇಟ್ಟಿದ್ದೆ. ಅಷ್ಟರಲ್ಲಿ ನೀವು ಬಂದು ಕೈ ಹಿಡಿದು ಎಳೆದ್ರಿ. ಮೊಳೆ ಕೈಯಲ್ಲೇ ಇತ್ತು. ಇದು ಅದರ ಗೆರೆ."

ಅಣ್ಣ ಬಗ್ಗಿದರು. ಜೇಬಿನಿಂದ ಕನ್ನಡಕ ತೆಗೆದು ಹಾಕಿಕೊಂಡು ಚುಕ್ಕಿಯಿಂದ ಗೆರೆಯ ತುದಿಯವರೆಗೆ ನೋಡಿದರು. ಮತ್ತೆ ತುದಿಯಿಂದ ಚುಕ್ಕಿಯವರೆಗೆ ನೋಡಿದರು.

"ಒತ್ತಕ್ಷರ ನಂಗೆ ಬರ್ತಿತ್ತು" ಎಂದಳು ಮಗಳು. "ನಮ್ಮ ಕ್ಲಾಸಲ್ಲಿ ಎಲ್ರಿಗಿಂತ ಮೊದ್ಲು ಕಲ್ತಿದ್ದು ನಾನೇ. ಆಫೀಸಲ್ಲಿ ಅಷ್ಟು ಜನ ನಗ್ತಾ ಇದ್ರೆ ಹೇಗೆ ಹೇಳಲಿ?"

"ಆಮೇಲಾದ್ರೂ ಹೇಳ್ಬಹುದಿತ್ತಲ್ಲಮ್ಮ" ಎಂದರು ಅಣ್ಣ. ಆ ದನಿ ಅವರದು ಎಂದು ನಂಬಲು ನನಗೆ ಕಷ್ಟವಾಯಿತು.

"ಆಮೇಲೆ ನೀವು ಅದನ್ನ ಜೋಕ್ ಮಾಡಿದ್ರಿ."

ದೀಪದವಳು ಅಳುಕುತ್ತಲೇ, ಬೆಳಕಿನ ಒತ್ತು ಇರಲೇ ಬೇಡವೇ ಎಂದು ಕೇಳಿದಳು. "ಬೇಡ" ಎಂದಳು ಮಗಳು. "ನಾನು ಎಲ್ಲಿ ನಿಲ್ಲಿಸಿದ್ನೋ ಅಲ್ಲಿಗೇ ನಿಲ್ಲಲಿ. ಆದ್ರೆ ಆ ಗೆರೆ ಪೂರ್ತಿ ಕಾಣಬೇಕು. ಹಾಗಿದ್ರೆ ನನ್ನ ಒಪ್ಪಿಗೆ ಇದೆ." ಎದ್ದು ಮೊಣಕಾಲಿನ ಮಣ್ಣು ಕೊಡವಿಕೊಂಡು, ಅಮ್ಮನನ್ನು ನೋಡಿ ಹೋಗುತ್ತೇನೆಂದು ಸಾಲುಮನೆಯ ಕಡೆ ನಡೆದಳು. ಅಣ್ಣ ಹಿಂದೆ ಹೋಗಲಿಲ್ಲ. ಅವರ ಪಾಳಿ ಇನ್ನೂ ಮುಗಿದಿರಲಿಲ್ಲ.

ಆ ರಾತ್ರಿ ಗೋಡೆಯಾಚೆಯಿಂದ ಒಂದು ಮಾತೂ ಕೇಳಿಸಲಿಲ್ಲ. ಕೆಮ್ಮು ಕೂಡ ಇಲ್ಲ.

ಪ್ರದರ್ಶನ ಶುರುವಾದ ಮೇಲೆ ಜನ ತಂಡ ತಂಡವಾಗಿ ಬಂದರು. ಗೋಡೆಯುದ್ದಕ್ಕೂ ನಡೆಯುತ್ತಾರೆ, ಒಂದೊಂದು ಬರಹಕ್ಕೆ ಬೆಳಕು ಬಿದ್ದಾಗ ಪಕ್ಕದ ಪೆಟ್ಟಿಗೆಯಿಂದ ಅದರ ಕಥೆ ಕೇಳಿಸುತ್ತದೆ. ಅಪ ಬಳಿ ಮಾತ್ರ ಪೆಟ್ಟಿಗೆ ಇಲ್ಲ. ಅಲ್ಲಿ ನಿಲ್ಲುವುದು ತಮ್ಮ ಕೆಲಸ ಎಂದು ಅಣ್ಣ ಬರೆದುಕೊಟ್ಟು ಪಾಳಿ ಬದಲಾಯಿಸಿಕೊಂಡಿದ್ದರು. ಮೊದಲ ದಿನ ಏನು ಮಾಡುತ್ತಾರೋ ನೋಡೋಣವೆಂದು ನಾನೂ ಹೋಗಿದ್ದೆ. ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡಿದ್ದ ಒಬ್ಬಾತ ಬೆಳಕು ಬಿದ್ದ ಕೂಡಲೇ ಜೋರಾಗಿ ನಕ್ಕ.

"ಪಾಪ, ಯಾರೋ ಅಪ್ಪ ಅಂತ ಬರೆಯೋಕೆ ಹೋಗಿದ್ದಾರೆ. ಒತ್ತು ಬಂದಿಲ್ಲ ನೋಡಿ!"

ಸುತ್ತಲಿದ್ದವರೂ ನಕ್ಕರು. ಅಣ್ಣ ನಗು ನಿಲ್ಲುವವರೆಗೆ ಕಾದರು.

"ಬರ್ತಿತ್ತು ಸಾರ್. ಬರ್ದವಳು ನನ್ನ ಮಗಳು, ಅವಳಿಗೆ ಚೆನ್ನಾಗಿ ಬರ್ತಿತ್ತು" ಎಂದರು. "ಬರೆಯೋಕೆ ಅಪ್ಪ ಬಿಡಲಿಲ್ಲ."