ಜಪಾನಿಗೆ ಹೊರಟವರ ಶನಿವಾರ

ನಾನು ಜಪಾನ್ ನೋಡಿಲ್ಲ. ಆದರೂ ದುಬೈಯ ಜುಮೇರಾ ಲೇಕ್ ಟವರ್ಸ್‌ನ ಪ್ರವಾಸ ಕಚೇರಿಯೊಂದರಲ್ಲಿ ಇದ್ದಷ್ಟು ವರ್ಷ, ಮೊದಲ ಬಾರಿಗೆ ಜಪಾನಿಗೆ ಹೊರಟವರಿಗೆ ಅಲ್ಲಿ ಹೇಗಿರಬೇಕು ಎಂದು ಪಾಠ ಹೇಳುತ್ತಿದ್ದವಳು ನಾನೇ. ಗೈಡ್ ಪುಸ್ತಕಗಳನ್ನು ಓದಿ, ಹೋಗಿ ಬಂದವರ ಬಾಯಿ ಬಿಡಿಸಿ ಕಲಿತ ವಿದ್ಯೆ. ಯಾರೂ ವಾಪಸು ಬಂದು ಬೈದದ್ದಿಲ್ಲ.

ಆ ವರ್ಷ ಮಾರ್ಚ್ ತಿಂಗಳಿನಲ್ಲಿ, ಚೆರ್ರಿ ಹೂವು ನೋಡಲು ಹೊರಟವರ ಗಡಿಬಿಡಿಯ ನಡುವೆ, ಉಡುಪಿ ಹತ್ತಿರದ ನಮ್ಮ ಮನೆಯಲ್ಲಿ ಅಮ್ಮ ತೀರಿಕೊಂಡಳು. ನನ್ನ ಪಾಸ್‌ಪೋರ್ಟ್ ದುಬೈ ವೀಸಾ ನವೀಕರಣದ ಸ್ಟ್ಯಾಂಪಿಂಗ್‌ಗೆ ಹೋಗಿತ್ತು. ಪಾಸ್‌ಪೋರ್ಟ್ ಇಲ್ಲದೆ ವಿಮಾನ ಹತ್ತುವಂತಿಲ್ಲ. ವೀಸಾ ಕೆಲಸಕ್ಕೆ ಕಚೇರಿಯಿಂದ ಓಡಾಡುವವನನ್ನು ಕೇಳಿದಾಗಲೆಲ್ಲ "ನಾಳೆ, ಇನ್‌ಷಾ ಅಲ್ಲಾ" ಎನ್ನುತ್ತಿದ್ದ. ಕಾಯುವುದು ಬೇಡ ಎಂದು ನಾನೇ ಅಣ್ಣನಿಗೆ ಹೇಳಿದೆ. ಅದೇ ಸಂಜೆ ಸುಟ್ಟರು. ಕೊನೆಗೆ ಬೊಜ್ಜಕ್ಕಾದರೂ ಹೋಗಿಯೇ ತೀರುತ್ತೇನೆ ಎಂದುಕೊಂಡಿದ್ದೆ. ನಮ್ಮ ಕಡೆ ಉತ್ತರಕ್ರಿಯೆಗೆ ಬೊಜ್ಜ ಎನ್ನುತ್ತಾರೆ. ಸತ್ತವರಿಗೆ ಇಷ್ಟವಾದದ್ದನ್ನೆಲ್ಲ ಎಲೆಯಲ್ಲಿ ಬಡಿಸಿ, ಬಾಗಿಲು ಹಾಕಿ ಹೊರಗೆ ನಿಲ್ಲುತ್ತೇವೆ. ಅವರು ಬಂದು ಉಂಡು ಹೋಗುತ್ತಾರೆ.

ಗುರುವಾರ ಅಣ್ಣನ ಫೋನ್ ಬಂತು. "ಸಂಕ್ರಮಣದ ಮೊದಲೇ ಮುಗಿಸ್ಬೇಕಂತೆ ಮಾರಾಯ್ತಿ, ಹಿರಿಯರು ಶನಿವಾರಕ್ಕೆ ಇಟ್ಟಿದ್ದಾರೆ. ಪಾಸ್‌ಪೋರ್ಟ್ ಬಂತಾ?"

ಬಂದಿರಲಿಲ್ಲ. "ನೀವು ಮಾಡಿ" ಎಂದೆ.

ನನಗೆ ಅಳು ಬಂದಿರಲಿಲ್ಲ. ಇದನ್ನು ಹೇಳಿಕೊಳ್ಳಲು ನಾಚಿಕೆಯಾಗುತ್ತಿತ್ತು, ಹಾಗಾಗಿ ಯಾರಿಗೂ ಹೇಳಲಿಲ್ಲ. ಬೆಳಿಗ್ಗೆ ಮಿರ್ದಿಫ್‌ನ ಫ್ಲ್ಯಾಟಿನಲ್ಲಿ ಎದ್ದು, ಬಸ್ಸು ಹಿಡಿದು, ಮೆಟ್ರೋ ಹಿಡಿದು, ಕ್ಯೋಟೋದಲ್ಲಿ ಯಾವ ಹೋಟೆಲು ನಿಲ್ದಾಣಕ್ಕೆ ಹತ್ತಿರ ಎಂದು ಯಾರಿಗೋ ಉತ್ತರ ಬರೆಯುತ್ತಿದ್ದೆ. ಊಟ ರುಚಿಸುತ್ತಿರಲಿಲ್ಲ, ಆದರೆ ಬಿಟ್ಟೂ ಇರಲಿಲ್ಲ. ಮ್ಯಾನೇಜರ್ ದಿಲ್ಲಿಯವರು. ಅವರು ಬಂದು ಭುಜ ತಟ್ಟಿ, "ರಜೆ ಬೇಕಾದರೆ ತಗೋ" ಎಂದರು. ರಜೆ ಹಾಕಿ ಎಲ್ಲಿಗೆ ಹೋಗಲಿ? ಶನಿವಾರದ ಪಾಠ ನಾನೇ ಮಾಡುತ್ತೇನೆ ಎಂದೆ.

ಆ ಶನಿವಾರದ ಗುಂಪಿನಲ್ಲಿ ಅಬುಧಾಬಿಯ ಬನಿಯಾಸ್‌ನಿಂದ ಬಂದ ಗಂಡ ಹೆಂಡತಿ ಇದ್ದರು. ಮೂವತ್ತು ವರ್ಷದಿಂದ ಅಲ್ಲೇ ವ್ಯಾಪಾರ. ಮೂಲ್ಕಿ ಕಡೆಯವರು, ತುಳು ಮನೆಮಾತು. ಆಂಟಿ ಮುಂದಿನ ಕುರ್ಚಿಯಲ್ಲೇ ಕುಳಿತರು. ಪ್ರಶ್ನೆ ಕೇಳುವುದಕ್ಕೇ ಬಂದವರು ಎಂದು ನೋಡಿದಾಗಲೇ ಗೊತ್ತಾಯಿತು.

ನಾನು ಶುರು ಮಾಡಿದೆ. ಟೋಕಿಯೋದ ರೈಲಿನಲ್ಲಿ ಫೋನಿನಲ್ಲಿ ಮಾತಾಡಬಾರದು. ಬೀದಿಯಲ್ಲಿ ಕಸದ ಬುಟ್ಟಿ ಸಿಗುವುದಿಲ್ಲ, ನಿಮ್ಮ ಕಸ ನಿಮ್ಮ ಚೀಲದಲ್ಲಿ. ಟಿಪ್ಸ್ ಕೊಟ್ಟರೆ ಹಿಂದೆಯೇ ಓಡಿ ಬಂದು ವಾಪಸು ಕೊಡುತ್ತಾರೆ. ದೇವಸ್ಥಾನದ ಹೊರಗಿನ ತೊಟ್ಟಿಯಲ್ಲಿ ಕೈ ಬಾಯಿ ತೊಳೆಯಬೇಕು, ಆದರೆ ಬಾಯಿಗೆ ಹಾಕಿದ ನೀರನ್ನು ತೊಟ್ಟಿಗೇ ಉಗುಳಬಾರದು. ನಾರಾ ಪಟ್ಟಣದ ಜಿಂಕೆಗಳು ಬಿಸ್ಕೆಟ್ಟಿಗಾಗಿ ಸೆರಗು ಎಳೆಯುತ್ತವೆ.

"ಸೂತಕ ಇದ್ದವರು ಅಲ್ಲಿಯ ದೇವಸ್ಥಾನಕ್ಕೆ ಹೋಗ್ಬಹುದಾ?" ಎಂದು ಆಂಟಿ ಕೇಳಿದರು. "ನಮ್ಮ ನೆಂಟರಲ್ಲಿ ಒಬ್ಬರು ಈಗಲೋ ಆಗಲೋ ಅಂತ ಇದ್ದಾರೆ, ಅದಕ್ಕೆ ಕೇಳಿದ್ದು."

"ಕೆಂಪು ಕಮಾನು ಇರುವ ಗುಡಿಗಳಿಗೆ ಅವರೂ ಸೂತಕದಲ್ಲಿ ಹೋಗುದಿಲ್ಲ ಆಂಟಿ. ಬುದ್ಧನ ದೇವಸ್ಥಾನಕ್ಕೆ ಹೋಗ್ಬಹುದು. ಸತ್ತವರ ಕ್ರಿಯೆ ಎಲ್ಲ ಅಲ್ಲೇ ಆಗುದು."

ಸೂತಕದಲ್ಲಿದ್ದ ನಾನೇ ಇದನ್ನು ಹೇಳುತ್ತಿದ್ದೆ.

ಆಮೇಲೆ ಊಟದ ಪಾಠ. ಕೆಳಗಿನ ಜಪಾನಿ ಹೋಟೆಲಿನಿಂದ ಪ್ರತಿಸಲ ಊಟ ತರಿಸುತ್ತಿದ್ದೆವು: ಅನ್ನ, ಸೂಪು, ಸುಟ್ಟ ಮೀನು. ಸಸ್ಯಾಹಾರಿಗಳು ಸೂಪಿನ ಬಗ್ಗೆ ಎಚ್ಚರ ಇರಬೇಕು, ಅದರ ನೀರೇ ಮೀನಿನದ್ದು ಎಂದೆ. ಆಂಟಿಯ ಗಂಡ "ಹಾಗಾದ್ರೆ ಒಳ್ಳೇದೇ ಆಯ್ತಲ್ಲ" ಎಂದರು. ಆಂಟಿ ಮೀನಿನ ಮೇಲೆ ಬಗ್ಗಿದರು.

"ಇದು ನಮ್ಮ ಬಂಗುಡೆ ಅಲ್ವಾ?"

"ಅದರ ಜಾತಿಯದ್ದೇ."

ನಾನು ಊಟದ ಕಡ್ಡಿ ಎರಡನ್ನೂ ಅನ್ನದ ಬಟ್ಟಲಲ್ಲಿ ನೆಟ್ಟಗೆ ಚುಚ್ಚಿ ತೋರಿಸಿದೆ. "ಹೀಗೆ ಮಾತ್ರ ಯಾವತ್ತೂ ಇಡ್ಬೇಡಿ. ಸತ್ತವರಿಗೆ ಬಡಿಸುವಾಗ ಅವರು ಹೀಗೆ ಇಡುದು."

ಪ್ರತಿ ಪಾಠದಲ್ಲೂ ಹೀಗೆ ಚುಚ್ಚಿ, ಎಲ್ಲರೂ ನಕ್ಕ ಮೇಲೆ ತೆಗೆಯುತ್ತಿದ್ದೆ. ಆ ದಿನ ಕೈ ಹಿಂದೆ ಬಂತು, ಕಡ್ಡಿ ತೆಗೆಯಲು ಮತ್ತೆ ಮುಂದೆ ಹೋಗಲಿಲ್ಲ. ಬಟ್ಟಲನ್ನೇ ನೋಡುತ್ತಾ ನಿಂತೆ.

"ಎಂತ ಆಯ್ತು ಮಗಾ?" ಎಂದರು ಆಂಟಿ.

"ಇವತ್ತು ನನ್ನ ಅಮ್ಮನ ಬೊಜ್ಜ ಆಂಟಿ."

ಅವರು ಅಯ್ಯೋ ಎನ್ನಲಿಲ್ಲ, ತಬ್ಬಿಕೊಳ್ಳಲೂ ಇಲ್ಲ. "ನೀನು ಬಡಿಸಿದ್ಯಾ?" ಎಂದಷ್ಟೇ ಕೇಳಿದರು.

"ಊರಲ್ಲಿ ಅಣ್ಣ ಬಡಿಸ್ತಾನೆ."

"ಅದು ಅವನದ್ದಾಯ್ತು. ಮಗಳದ್ದು?" ಆಗಲೇ ಎದ್ದು ಸೆರಗು ಸಿಕ್ಕಿಸಿಕೊಂಡಿದ್ದರು. "ಅಮ್ಮನಿಗೆ ಎಂತ ಇಷ್ಟ?"

"ಬಂಗುಡೆ. ಬಂಗುಡೆಯ ತಲೆ."

ಆಂಟಿ ತಟ್ಟೆಯಲ್ಲಿದ್ದ ಮೀನನ್ನು ತಿರುಗಿಸಿ ನೋಡಿದರು. "ತಲೆ ಕಡಿದು ಬಿಸಾಡಿದ್ದಾರೆ ಮಾರಾಯ್ತಿ, ಇವರಿಗೆ ತಿನ್ಲಿಕ್ಕೆ ಗೊತ್ತಿಲ್ಲ. ಇರ್ಲಿ, ತಲೆ ಊರಲ್ಲಿ ಸಿಗ್ತದೆ ಅವರಿಗೆ." ಬಟ್ಟಲಿನ ಕಡ್ಡಿ ತೋರಿಸಿ, "ಅಮ್ಮನಿಗೆ ಇದ್ರಲ್ಲಿ ತಿನ್ಲಿಕ್ಕೆ ಬರ್ತದಾ?" ಎಂದರು.

"ಇಲ್ಲ."

"ಹಾಗಾದ್ರೆ ತೆಗಿ. ಕೈಯಲ್ಲೇ ಉಣ್ಲಿ."

ನಾನೇ ಬಡಿಸಿದೆ. ಎಲೆ ಇರಲಿಲ್ಲ, ಕಾಗದದ ತಟ್ಟೆ. ಅನ್ನ ಅಂಟುಅಂಟಾಗಿ ಮುದ್ದೆ ಬಿತ್ತು. ಅಮ್ಮ ನೋಡಿದ್ದರೆ ಗಂಜಿ ಬಸಿಯಲು ಬಾರದವಳು ಎಂದು ನನ್ನನ್ನೇ ಬೈಯುತ್ತಿದ್ದಳು. ಪಕ್ಕಕ್ಕೆ ಮೀನು, ಒಂದು ಲೋಟ ನೀರು. ಆಂಟಿ ಗಾಜಿನ ಗೋಡೆಯ ಪರದೆಗಳನ್ನೆಲ್ಲ ಇಳಿಸಿ, "ನೋಡ್ತಾ ನಿಂತ್ರೆ ಅವರು ಉಣ್ಣುದಿಲ್ಲ, ಎಲ್ಲರೂ ಹೊರಗೆ ನಡೀರಿ" ಎಂದು ಗುಂಪನ್ನು ಎಬ್ಬಿಸಿದರು. ಪಂಜಾಬಿಗಳು, ಗುಜರಾತಿಗಳು, ಜಪಾನಿಗೆ ಹೊರಟಿದ್ದವರೆಲ್ಲ ಏನೆಂದು ತಿಳಿಯದಿದ್ದರೂ ಎದ್ದು ಹೊರಗೆ ಬಂದರು. ನಾನು ಬಾಗಿಲು ಎಳೆದುಕೊಂಡೆ.

ಕಾರಿಡಾರಿನಲ್ಲಿ ಎಲ್ಲರೂ ನಿಂತಿದ್ದೆವು. ನನಗೆ ಆಗಲೂ ಏನೂ ಅನಿಸಲಿಲ್ಲ. ಊರಲ್ಲಿ ಈಗ ಎಲೆ ಹಾಕಿರಬಹುದು ಎಂದು ಲೆಕ್ಕ ಹಾಕಿದೆ, ಸಂಜೆ ಯಾರಿಗೆ ಯಾವ ಈಮೇಲ್ ಕಳಿಸಬೇಕೆಂದು ಯೋಚಿಸಿದೆ.

ಅಷ್ಟರಲ್ಲಿ ಮ್ಯಾನೇಜರ್ ಬಂದರು. ಪಾಠದ ನಡುವೆ ಗಿರಾಕಿಗಳೆಲ್ಲ ಹೊರಗೆ ನಿಂತದ್ದು ಕಂಡು ಅವರಿಗೆ ಗಾಬರಿ. ಬಾಗಿಲ ಹಿಡಿಗೆ ಕೈ ಹಾಕಿದರು. ನಾನು ಅಡ್ಡ ನಿಂತೆ.

"ಅಂದರ್ ಕೌನ್ ಹೈ?" ಒಳಗೆ ಯಾರು ಎಂದು ಕೇಳಿದರು.

"ಮೇರಿ ಮಾ ಹೈ ಸರ್" ಎಂದೆ. "ಖಾನಾ ಖಾ ರಹೀ ಹೈ."

ಅವರಿಗೆ ಅಮ್ಮ ಸತ್ತದ್ದು ಗೊತ್ತಿತ್ತು. ನನ್ನ ಮುಖ ನೋಡಿ, ಹಿಡಿಯಿಂದ ಮೆಲ್ಲನೆ ಕೈ ತೆಗೆದು, ಗೋಡೆಗೆ ಒರಗಿ ನಮ್ಮ ಜೊತೆ ನಿಂತರು. ಆಗ ನನಗೆ ಅಳು ಬಂತು. ಒಳಗೆ ಊಟ ಮಾಡುತ್ತಿದ್ದ ಅಮ್ಮನಿಗೆ ಕೇಳಬಾರದೆಂದು ಬಾಯಿಗೆ ಕೈ ಅಡ್ಡ ಹಿಡಿದು ಅತ್ತೆ.